ಬಿಸಿನೀರ ಬುಗ್ಗೆಯ ಋಣ
1966ರಲ್ಲಿ ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದ ಬಿಸಿನೀರ ಬುಗ್ಗೆಯಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ಥಾಮಸ್ ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ ಒಂದು ಬ್ಯಾಕ್ಟೀರಿಯಾ ಕಂಡರು. 70 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲೂ ಹಾಯಾಗಿ ಬೆಳೆಯುವ ಜೀವಿ. ಅದರಿಂದ ಏನು ಪ್ರಯೋಜನವೆಂದು ಆಗ ಯಾರಿಗೂ ಹೊಳೆದಿರಲಿಲ್ಲ. ಮುಂದೆ ಅದರ ಕಿಣ್ವವೇ ಡಿಎನ್‌ಎಯ ಪ್ರತಿಗಳನ್ನು ತೆಗೆಯುವ ಪಿಸಿಆರ್ ಪರೀಕ್ಷೆಯ ಜೀವಾಳವಾಯಿತು: ಡಿಎನ್‌ಎ ಎಳೆ ಬಿಡಿಸಲು 95 ಡಿಗ್ರಿವರೆಗೆ ಕಾಯಿಸಿದರೂ ಈ ಕಿಣ್ವ ಕೆಡುವುದಿಲ್ಲ. ಕೋವಿಡ್ ಪತ್ತೆಗೂ ಒದಗಿದ್ದು ಇದೇ ತಂತ್ರ.

ಇಂಥ ಕಥೆಗಳನ್ನು ಜನರಿಗೂ ಜನಪ್ರತಿನಿಧಿಗಳಿಗೂ ತಲುಪಿಸಲು ವಿಜ್ಞಾನ ಸಂಘಗಳು ಬೇಕೇ ಬೇಕು. 1912ರಲ್ಲಿ ಹುಟ್ಟಿದ, ಅಮೆರಿಕದ ಜೀವವಿಜ್ಞಾನ ಸಂಘಗಳ ಒಕ್ಕೂಟವಾದ ಫಾಸೆಬ್ ಅನುದಾನಕ್ಕಾಗಿ ಅಮೆರಿಕನ್ ಕಾಂಗ್ರೆಸ್ಸಿನ ಬಾಗಿಲು ತಟ್ಟುತ್ತಲೇ ಬಂದಿದೆ. 1998ರಿಂದ 2003ರೊಳಗೆ ಅಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆಯಾದ ಎನ್‌ಐಎಚ್ ಬಜೆಟ್ ಇಮ್ಮಡಿಯಾದದ್ದರ ಹಿಂದೆ ಇಂಥ ಸಂಘಗಳ ಒತ್ತಾಯವಿತ್ತು.

ಇಂಥ ಅನುದಾನಕ್ಕೆ ಟೀಕೆಯೂ ಇತ್ತು: 1975ರಿಂದ ಅಮೆರಿಕದ ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್ ಹಲವು ಸಂಶೋಧನೆಗಳನ್ನು ದುಂದುವೆಚ್ಚವೆಂದು ಹಂಗಿಸಿದ್ದರು. ಅದಕ್ಕೆ ಉತ್ತರವಾಗಿ, ವ್ಯರ್ಥವೆಂದು ಕಂಡರೂ ಮುಂದೆ ಫಲ ಕೊಟ್ಟ ಸಂಶೋಧನೆಗಳನ್ನು ಗೌರವಿಸಲು 2012ರಲ್ಲಿ 'ಗೋಲ್ಡನ್ ಗೂಸ್' ಪ್ರಶಸ್ತಿ ಶುರುವಾಯಿತು. ಮರುವರ್ಷವೇ ಅದು ಬ್ರಾಕ್ ಮತ್ತು ಫ್ರೀಜ್ ಅವರಿಗೆ ಸಂದಿತು.