ಸೋತ ತಂಡ ಮತ್ತು ಬಿತ್ತನೆಯ ಬೀಜ

ಪ್ರೊ ಕಬಡ್ಡಿ ಲೀಗಿನ ಹನ್ನೊಂದನೆಯ ಆವೃತ್ತಿಯಲ್ಲಿ ಬೆಂಗಳೂರು ಬುಲ್ಸ್ ತಂಡ ಆಡಿದ್ದು 22 ಪಂದ್ಯ. ಗೆದ್ದದ್ದು 2, ಸಮ ಮಾಡಿಕೊಂಡದ್ದು 1, ಸೋತದ್ದು 19. 2024ರ ಅಕ್ಟೋಬರ್‌ನಲ್ಲಿ ಆರಂಭವಾಗಿ ಡಿಸೆಂಬರ್ ಕೊನೆಗೆ ಮುಗಿದ ಆ ಲೀಗಿನ ಹನ್ನೆರಡು ತಂಡಗಳ ಪಟ್ಟಿಯಲ್ಲಿ ನಮ್ಮ ರಾಜಧಾನಿಯ ಹೆಸರು ಕಟ್ಟಕಡೆಯದಾಗಿತ್ತು.

ಆಟವೆಂದ ಮೇಲೆ ಸೋಲು ಗೆಲುವು ಇದ್ದದ್ದೇ. ಆದರೆ ಹತ್ತೊಂಬತ್ತು ಸೋಲುಗಳ ನಷ್ಟವನ್ನು ಯಾರು ಹೊತ್ತರು ಎಂಬ ಪ್ರಶ್ನೆಯನ್ನು ಯಾರೂ ಕೇಳಿದಂತಿಲ್ಲ. ಅರ್ಥಶಾಸ್ತ್ರ ಓದಿ, ಕೆಲಕಾಲ ಮಧುಗಿರಿ ಉಪವಿಭಾಗದಲ್ಲಿ ಸರ್ಕಾರಿ ಕೆಲಸ ಮಾಡಿದ ನನಗೆ ಈ ಪ್ರಶ್ನೆಯನ್ನು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ನೆಲದಲ್ಲಿ ನಿಂತು ಕೇಳುವುದೇ ಸರಿಯೆನಿಸುತ್ತದೆ. ಏಕೆಂದರೆ ಕಬಡ್ಡಿ ಇಂಥ ಊರುಗಳ ಆಟ. ಸುಣ್ಣದ ಗೆರೆ ಎಳೆದರೆ ಅಂಕಣ ಸಿದ್ಧ. ಚೆಂಡು, ಬ್ಯಾಟು, ಬಲೆ ಯಾವುದೂ ಬೇಡ. ಜಾತ್ರೆ, ಗಣೇಶೋತ್ಸವಗಳ ರಾತ್ರಿ ದೀಪ ಕಟ್ಟಿ ಆಡಿಸುವ ಪಂದ್ಯಾವಳಿಗಳಿಗೆ ಸುತ್ತಲಿನ ಹಳ್ಳಿಗಳೇ ನೆರೆಯುತ್ತವೆ.

ಮೊದಲು ತಂಡದ ಕಥೆಯನ್ನು ನೋಡೋಣ. 2014ರಲ್ಲಿ ಲೀಗ್ ಆರಂಭವಾದಾಗಿನಿಂದ ಬುಲ್ಸ್ ಇದೆ. 2019ರ ಜನವರಿ 5ರಂದು ಮುಂಬೈಯಲ್ಲಿ ನಡೆದ ಆರನೆಯ ಆವೃತ್ತಿಯ ಅಂತಿಮ ಪಂದ್ಯದಲ್ಲಿ ಗುಜರಾತ್ ತಂಡವನ್ನು 38–33ರಿಂದ ಮಣಿಸಿ ಅದು ಪ್ರಶಸ್ತಿ ಗೆದ್ದಿತು. ಅಂದು ಪವನ್ ಶೆರಾವತ್ ಒಬ್ಬರೇ 22 ಅಂಕ ತಂದಿದ್ದರು. ಆರು ವರ್ಷ ತುಂಬುವ ಮೊದಲೇ, 2024ರ ಅಕ್ಟೋಬರ್ 18ರಂದು ಹೈದರಾಬಾದಿನಲ್ಲಿ ನಡೆದ ಉದ್ಘಾಟನಾ ಪಂದ್ಯದಲ್ಲಿ, ಅದೇ ಪವನ್ ತೆಲುಗು ಟೈಟನ್ಸ್ ನಾಯಕರಾಗಿ ನಿಂತು ಬುಲ್ಸ್ ತಂಡವನ್ನು ಸೋಲಿಸಿದರು. ಬಹುಪಾಲು ಆಂಧ್ರಪ್ರದೇಶದ ನೆಲದಿಂದ ಸುತ್ತುವರಿದ, ತೆಲುಗೂ ಕನ್ನಡವೂ ಬೆರೆತ ಪಾವಗಡದಲ್ಲಿ ಅಂದು ಯಾರ ಪರ ಕೂಗಬೇಕೆಂಬ ಗೊಂದಲ ಎದ್ದಿದ್ದರೆ ಆಶ್ಚರ್ಯವಿಲ್ಲ.

ಇದರಲ್ಲಿ ಆಟಗಾರನ ತಪ್ಪೇನೂ ಇಲ್ಲ. ಹರಾಜಿನ ನಿಯಮವೇ ಹಾಗೆ. ಹನ್ನೊಂದನೆಯ ಆವೃತ್ತಿಗೆ ಪ್ರತಿ ತಂಡ ಆಟಗಾರರ ಮೇಲೆ ವ್ಯಯಿಸಬಹುದಾಗಿದ್ದ ಮೊತ್ತ 5 ಕೋಟಿ ರೂಪಾಯಿ. ಅದರಲ್ಲಿ 70 ಲಕ್ಷ ಕೊಟ್ಟು ಬುಲ್ಸ್ ಖರೀದಿಸಿದ್ದು ಲೀಗಿನ ಇತಿಹಾಸದಲ್ಲೇ ಅತಿ ಹೆಚ್ಚು ದಾಳಿ ಅಂಕ ಗಳಿಸಿದ್ದ ಪ್ರದೀಪ್ ನರ್ವಾಲ್ ಅವರನ್ನು. ಹೆಸರು ದೊಡ್ಡದಿತ್ತು, ಆದರೆ ಪ್ರಾಯದ ಬಿರುಸು ಇಳಿದಿತ್ತು. ಮರುವರ್ಷದ ಹರಾಜಿನಲ್ಲಿ ಅವರನ್ನು ಕೊಳ್ಳುವವರು ಇರಲಿಲ್ಲ. ಅವರು ನಿವೃತ್ತಿ ಘೋಷಿಸಿದರು. ಮೊದಲ ಆವೃತ್ತಿಯಿಂದಲೂ ತಂಡದೊಡನಿದ್ದ ತರಬೇತುದಾರ ರಣಧೀರ್ ಸಿಂಗ್ ಸೆಹ್ರಾವತ್ ಅವರೂ ನಿರ್ಗಮಿಸಿದರು.

ಹೀಗೆ ಸೋಲಿನ ಬೆಲೆಯನ್ನು ಆಟಗಾರ ತೆತ್ತ, ತರಬೇತುದಾರ ತೆತ್ತ. ಫ್ರಾಂಚೈಸಿಯ ಸ್ಥಾನಕ್ಕೆ ಮಾತ್ರ ಚ್ಯುತಿ ಬರಲಿಲ್ಲ. ಯುರೋಪಿನ ಫುಟ್‌ಬಾಲ್ ಲೀಗುಗಳಲ್ಲಿ ಕಡೆಯ ಸ್ಥಾನಕ್ಕಿಳಿದ ತಂಡ ಕೆಳದರ್ಜೆಗೆ ಜಾರುತ್ತದೆ. ನಮ್ಮ ಲೀಗುಗಳು ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲಿನಂತೆ ಮುಚ್ಚಿದ ಬಾಗಿಲಿನವು. ಎಷ್ಟೇ ಸೋತರೂ ಮುಂದಿನ ವರ್ಷದ ಕುರ್ಚಿ ಭದ್ರ. ಬಂಡವಾಳ ಹೂಡಿದವರಿಗೆ ಈ ಭದ್ರತೆ ಬೇಕೆಂಬುದನ್ನು ಒಪ್ಪೋಣ. ಆದರೆ ನಷ್ಟದ ಭಯವಿಲ್ಲದ ವ್ಯವಹಾರದಲ್ಲಿ ಬೇರು ಬಿಡುವ ಅಗತ್ಯವೂ ಇರುವುದಿಲ್ಲ.

ಬೇರಿನ ಮಾತು ಬಂದದ್ದರಿಂದ ಹೇಳುತ್ತೇನೆ. ಒಳಾಂಗಣ ಕ್ರೀಡಾಂಗಣ ದೊರೆಯದೆ 2017ರಲ್ಲಿ ಈ ತಂಡ ತನ್ನ ‘ತವರು’ ಪಂದ್ಯಗಳನ್ನು ನಾಗಪುರದಲ್ಲಿ ಆಡಿತು, 2018ರಲ್ಲಿ ಪುಣೆಯಲ್ಲಿ ಆಡಿತು. 2024ರ ಲೀಗು ನಡೆದದ್ದು ಹೈದರಾಬಾದ್, ನೋಯಿಡಾ, ಪುಣೆಗಳಲ್ಲಿ ಮಾತ್ರ. ಆ ಹತ್ತೊಂಬತ್ತು ಸೋಲುಗಳಲ್ಲಿ ಒಂದೂ ಕರ್ನಾಟಕದ ನೆಲದಲ್ಲಿ ಆಗಲಿಲ್ಲ. ಹೆಸರು ನಮ್ಮದು, ಅಂಗಳ ಪರರದು.

ಇನ್ನು ನಮ್ಮ ನಾಲ್ಕು ತಾಲ್ಲೂಕುಗಳ ಕಡೆ ಬರೋಣ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಇವೆಲ್ಲ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಶಾಲಾ ಕ್ರೀಡಾಕೂಟದಲ್ಲಿ ಗೆದ್ದ ಹುಡುಗ ತಾಲ್ಲೂಕು, ಜಿಲ್ಲೆ, ವಿಭಾಗಗಳನ್ನು ದಾಟಿ ರಾಜ್ಯಮಟ್ಟಕ್ಕೆ ಹೋಗಬಹುದು. ಏಣಿಯ ಕೆಳಗಿನ ಮೆಟ್ಟಿಲುಗಳು ಇವೆ. ಹತ್ತನೆಯ ತರಗತಿ ಮುಗಿದ ಮೇಲೆ ಏನು? ಲೀಗಿನ ಆಟ ನಡೆಯುವುದು ಮ್ಯಾಟಿನ ಮೇಲೆ, ಶೂ ಧರಿಸಿ. ಹಳ್ಳಿಯ ಹುಡುಗ ಕಲಿತದ್ದು ಬರಿಗಾಲಲ್ಲಿ, ಮಣ್ಣಿನ ಮೇಲೆ. ಕಾಲಿನ ಹಿಡಿತ, ತಿರುಗುವ ವೇಗ, ಬೀಳುವ ಬಗೆ ಎಲ್ಲವೂ ಬೇರೆ. ಮೈಕಟ್ಟು ಬೆಳೆಯುವ ವಯಸ್ಸಿನಲ್ಲಿ ಒಳ್ಳೆಯ ಊಟವೂ ತಿದ್ದುವವರೂ ಬೇಕು. ಇವು ಸಿಗದಿದ್ದಾಗ ಅವನು ತುಮಕೂರಿನ ಕಾರ್ಖಾನೆಗೋ ಬೆಂಗಳೂರಿನ ಗೋದಾಮಿಗೋ ಬಸ್ಸು ಹತ್ತುತ್ತಾನೆ. ಹುಡುಗಿಯಾದರೆ ಆಟ ಅದಕ್ಕೂ ಮೊದಲೇ ನಿಲ್ಲುತ್ತದೆ.

ಸ್ಥಳೀಯರನ್ನೇ ಆಡಿಸಿದ್ದರೆ ಇನ್ನಷ್ಟು ಸೋಲುತ್ತಿತ್ತಲ್ಲವೇ ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹರಿಯಾಣದ ಹಳ್ಳಿಗಳು ತಲೆಮಾರುಗಳಿಂದ ಈ ಆಟಕ್ಕೆ ಮೈಕೊಟ್ಟಿವೆ. ರೈಲ್ವೆ, ಸೇನೆ, ಪೊಲೀಸ್ ಇಲಾಖೆಗಳ ನೌಕರಿಯ ಆಸೆ ಅಲ್ಲಿನ ಹುಡುಗರನ್ನು ಅಂಕಣದಲ್ಲಿ ಉಳಿಸಿದೆ. ಆದರೆ ಕರ್ನಾಟಕ ಬಂಜರಲ್ಲ. ಅರ್ಜುನ ಪ್ರಶಸ್ತಿ ಪಡೆದ ಬಿ.ಸಿ. ರಮೇಶ್, ಮಮತಾ ಪೂಜಾರಿ ನಮ್ಮವರು. ಕರಾವಳಿಯ ಸುಕೇಶ್ ಹೆಗ್ಡೆ 2017ರಲ್ಲಿ ಗುಜರಾತ್ ತಂಡವನ್ನು, ಪ್ರಶಾಂತ್ ಕುಮಾರ್ ರೈ 2021–22ರಲ್ಲಿ ಪಟ್ನಾ ತಂಡವನ್ನು ನಾಯಕರಾಗಿ ಅಂತಿಮ ಪಂದ್ಯದವರೆಗೆ ಒಯ್ದರು. ಕರಾವಳಿಯಲ್ಲಿ ಕ್ಲಬ್ಬುಗಳೂ ಕಾಲೇಜುಗಳೂ ಏಣಿಯ ಮೇಲಿನ ಮೆಟ್ಟಿಲುಗಳನ್ನು ಕಟ್ಟಿದವು. ಬಯಲುಸೀಮೆಯಲ್ಲಿ ಆ ಕೆಲಸ ಬಾಕಿ ಇದೆ.

2025ರಲ್ಲಿ ಅದೇ ರಮೇಶ್ ತರಬೇತಿಯಲ್ಲಿ, ಬಹುತೇಕ ಹೊಸ ಮುಖಗಳೊಂದಿಗೆ, ಬುಲ್ಸ್ ತಂಡ ಪ್ಲೇಆಫ್ ತಲುಪಿತು. ಸಂತೋಷದ ಸಂಗತಿಯೇ. ಆದರೆ ಅದು ಇನ್ನೊಂದನ್ನೂ ತೋರಿಸಿತು: ಒಳ್ಳೆಯ ಗುರು, ಜಾಣತನದ ಖರೀದಿ ಇದ್ದರೆ ಪಟ್ಟಿಯ ಸ್ಥಾನವನ್ನು ಒಂದೇ ವರ್ಷದಲ್ಲಿ ಬದಲಿಸಬಹುದು. ಒಬ್ಬ ಆಟಗಾರನನ್ನು ಬೆಳೆಸಲು ಹತ್ತು ವರ್ಷ ಬೇಕು. ಮೊದಲನೆಯದನ್ನು ಮಾಲೀಕರು ತಾವಾಗಿಯೇ ಮಾಡುತ್ತಾರೆ. ಎರಡನೆಯದನ್ನು ಅವರಿಂದ ಕೇಳಿ ಪಡೆಯಬೇಕು.

ಕೇಳುವುದೂ ದೊಡ್ಡದೇನಲ್ಲ. ಲೀಗಿನಲ್ಲಿ ಹೊಸ ಯುವ ಆಟಗಾರರಿಗೆಂದೇ ಒಂದು ವರ್ಗವಿದೆ. ಆ ಆಯ್ಕೆಯ ಪರೀಕ್ಷೆಯನ್ನು ಪ್ರತಿವರ್ಷ ಮಧುಗಿರಿಯಂಥ ಊರಿನಲ್ಲೂ ನಡೆಸಲಿ. ತಾಲ್ಲೂಕಿಗೊಂದು ಮ್ಯಾಟು, ಇಬ್ಬರು ತರಬೇತುದಾರರು, ಸಂಜೆಯ ಊಟ: ಇದರ ಅರ್ಧ ವೆಚ್ಚವನ್ನು ತಂಡ ಭರಿಸಲಿ, ಉಳಿದರ್ಧವನ್ನು ಕ್ರೀಡಾ ಇಲಾಖೆ ನೀಡಲಿ. ರಾಜಧಾನಿಯ ಹೆಸರಿನಲ್ಲಿ ವ್ಯಾಪಾರ ಮಾಡುವವರು ಆ ಹೆಸರಿಗೆ ತೆರುವ ಬಾಡಿಗೆ ಇದೆಂದು ತಿಳಿದರೂ ಸರಿಯೇ.

ಶಿರಾ, ಪಾವಗಡಗಳ ರೈತನಿಗೆ ಸೋತ ಹಂಗಾಮು ಹೊಸದಲ್ಲ. ಮಳೆ ನಂಬಿ ಶೇಂಗಾ ಬಿತ್ತುತ್ತಾನೆ, ಹೂ ಬಿಡುವ ಹೊತ್ತಿಗೆ ಮೋಡ ಕೈಕೊಡುತ್ತದೆ. ಅವನ ನಷ್ಟಕ್ಕೆ ಕಾಯ್ದಿರಿಸಿದ ಕುರ್ಚಿ ಯಾವುದೂ ಇಲ್ಲ. ಆದರೂ ಕೈಗೆ ಬಂದಷ್ಟರಲ್ಲಿ ಮುಂದಿನ ಬಿತ್ತನೆಗೆ ಬೀಜ ತೆಗೆದಿಟ್ಟು ಉಳಿದದ್ದನ್ನು ಮಾರುತ್ತಾನೆ. ಬೀಜವನ್ನೂ ಸಾಲ ತಂದು ಕೊಳ್ಳಬೇಕಾಗಿ ಬಂದ ವರ್ಷವನ್ನೇ ಅವನು ನಿಜವಾದ ಬರಗಾಲವೆಂದು ಎಣಿಸುತ್ತಾನೆ. ಪ್ರತಿ ಹಂಗಾಮಿಗೂ ಬೀಜವನ್ನು ಹರಾಜಿನಲ್ಲೇ ಕೊಳ್ಳುವ ತಂಡ ಗೆದ್ದ ವರ್ಷವೂ ಅದೇ ಬರದಲ್ಲಿ ಇರುತ್ತದೆ.