ಮನೆಯ ಮಿಲ್ಲಿಂಗ್ ಯಂತ್ರಕ್ಕೆ ಕಟ್ಟರ್ ಶ್ಯಾಂಕಿನ ಆಯ್ಕೆ: ಒಂದು ಚಾರಿತ್ರಿಕ ವಿವೇಚನೆ

ಮನೆಯ ಕಾರ್ಯಶಾಲೆಯಲ್ಲಿ ಸಣ್ಣ ಮಿಲ್ಲಿಂಗ್ ಯಂತ್ರವನ್ನಿರಿಸಿಕೊಂಡವರಿಗೆ ಮೊದಲು ಎದುರಾಗುವ ಪ್ರಶ್ನೆಯೊಂದುಂಟು: ಕಟ್ಟರಿನ ಶ್ಯಾಂಕು ಯಾವ ಬಗೆಯದಾಗಿರಬೇಕು? ಹಲ್ಲುಗಳ ಮೇಲ್ಗಡೆಯಲ್ಲಿದ್ದು ಯಂತ್ರದ ಹಿಡಿತಕ್ಕೊಳಗಾಗುವ ದಂಡವೇ ಶ್ಯಾಂಕು. ಅದು ಸಡಿಲಿದರೆ ಕೆಲಸ ಕೆಡುವುದು, ಕೈಗೂ ಅಪಾಯವೊದಗಬಹುದು. ಈ ಪ್ರಶ್ನೆಗೆ ಸರಿಯಾದ ಉತ್ತರವು ಶ್ಯಾಂಕುಗಳ ಚರಿತ್ರೆಯಿಂದಲೇ ದೊರೆಯುವುದೆಂದು ತೋರಿಸುವುದು ನಮ್ಮ ಉದ್ದೇಶ.

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಬಂದೂಕುಗಳ ತಯಾರಿಕೆಗೆ ಸುರುಳಿ ಬೈರಿಗೆಗಳು ಬೇಕಾದುವು. ಅವುಗಳ ಸುರುಳಿಗಾಲುವೆಗಳನ್ನು ಅದುವರೆಗೆ ಅರದಿಂದ ಕೈಯಲ್ಲಿ ಉಜ್ಜಿ ಮಾಡುತ್ತಿದ್ದರು. ಈ ಶ್ರಮವನ್ನು ನಿವಾರಿಸಲೆಂದು ಪ್ರಾವಿಡೆನ್ಸ್ ನಗರದ ಜೋಸೆಫ್ ಆರ್. ಬ್ರೌನ್ 1862ರಲ್ಲಿ ಯೂನಿವರ್ಸಲ್ ಮಿಲ್ಲಿಂಗ್ ಯಂತ್ರವನ್ನು ನಿರ್ಮಿಸಿದನು. 1863ರಲ್ಲಿ ಸ್ಟೀಫನ್ ಎ. ಮೋರ್ಸ್ ತನ್ನ ಸುರುಳಿ ಬೈರಿಗೆಗೆ ಪೇಟೆಂಟ್ ಪಡೆದನು. ಸುಮಾರು 20ಕ್ಕೆ 1ರಂತೆ ಕಿರಿದಾಗುವ, ಅವನ ಹೆಸರನ್ನೇ ಹೊತ್ತ ಟೇಪರ್ ಬೈರಿಗೆಯ ಕೆಲಸಕ್ಕೆ ಒಪ್ಪುವಂಥದು.

ಬೈರಿಗೆಯು ಕೊರೆಯುವಾಗ ಒತ್ತಡವು ನೇರವಾಗಿ ಮೇಲ್ಮುಖವಾಗಿದ್ದು, ಟೇಪರನ್ನು ಸ್ಪಿಂಡಲಿನೊಳಕ್ಕೆ ಇನ್ನಷ್ಟು ಬಿಗಿಗೊಳಿಸುವುದು. ಮಿಲ್ಲಿಂಗಿನಲ್ಲಿ ಹೀಗಲ್ಲ. ಇಲ್ಲಿ ಪ್ರತಿಯೊಂದು ಹಲ್ಲೂ ಪಕ್ಕದಿಂದ ಬಡಿಯುವುದು. ಸಾಮಾನ್ಯ ಬಲಸುರುಳಿಯ ಕಟ್ಟರು ತನ್ನನ್ನು ತಾನೇ ಕೆಳಕ್ಕೆ ಎಳೆದುಕೊಳ್ಳುವುದು. ಆದುದರಿಂದ ಬರಿಯ ಮೋರ್ಸ್ ಟೇಪರನ್ನು ನಂಬಲಾಗದು. ಮೇಲಿನಿಂದ ತಿರುಗಿಸಿ ಬಿಗಿಯುವ ಡ್ರಾಬಾರ್ ಅವಶ್ಯ. ಡ್ರಿಲ್ ಚಕ್ಕಿನಲ್ಲಿ ಕಟ್ಟರನ್ನು ಹಿಡಿಯುವುದು ಸಲ್ಲದೆನ್ನುವುದಕ್ಕೂ ಇದೇ ಕಾರಣ.

1938ರಲ್ಲಿ ತನ್ನ ಮೊದಲ ಮಿಲ್ಲಿಂಗ್ ಯಂತ್ರವನ್ನು ಹೊರತಂದ ಬ್ರಿಡ್ಜ್‌ಪೋರ್ಟ್ ಸಂಸ್ಥೆಯಿಂದ ಆರ್-8 ಎಂಬ ಟೇಪರ್ ಬಂದಿತು. ಇದರ ಕೋನವು ಸುಮಾರು 17 ಡಿಗ್ರಿ; ಡ್ರಾಬಾರನ್ನು ಸಡಿಲಿಸಿ ಮೆಲ್ಲಗೆ ತಟ್ಟಿದರೆ ಬಿಡುವುದು. ಕಿರಿದಾದ ಕೋನದ ಮೋರ್ಸ್ ಟೇಪರಿಗಾದರೋ ಬಲವಾದ ಪೆಟ್ಟೇ ಬೇಕು. ಮನೆಯ ಯಂತ್ರಗಳ ಸ್ಪಿಂಡಲುಗಳು ಹೆಚ್ಚಾಗಿ ಈ ಎರಡು ಬಗೆಗಳಲ್ಲಿ ಒಂದಾಗಿರುತ್ತವೆ.

ಯಂತ್ರ ಯಾವುದೇ ಇರಲಿ, ಕಟ್ಟರಿಗೆ ನೇರ ಶ್ಯಾಂಕನ್ನೇ ಆರಿಸಿ, ಅದನ್ನು ಕಾಲೆಟ್ಟಿನಲ್ಲಿ ಹಿಡಿಯುವುದು ಲೇಸೆಂದು ನಮ್ಮ ಅಭಿಪ್ರಾಯ. ಯಂತ್ರ ಬದಲಾದರೂ ಅಂತಹ ಕಟ್ಟರು ವ್ಯರ್ಥವಾಗದು. ಆರ್-8 ಕಾಲೆಟ್ ತನ್ನ ಅಳತೆಯ ಶ್ಯಾಂಕನ್ನಷ್ಟೇ ಹಿಡಿಯುವುದು, ಇ.ಆರ್. ಕಾಲೆಟ್ ಸಾಮಾನ್ಯವಾಗಿ 1 ಮಿಲಿಮೀಟರಿನಷ್ಟು ಕುಗ್ಗಬಲ್ಲುದು. ಪಕ್ಕದಲ್ಲಿ ಚಪ್ಪಟೆ ಕೊರೆದ ವೆಲ್ಡನ್ ಶ್ಯಾಂಕನ್ನು ಸ್ಕ್ರೂ ಒತ್ತಿ ಹಿಡಿಯುವುದರಿಂದ ಅದು ಜಾರದು. ಆದರೆ ಕೇಂದ್ರವು ಕಿಂಚಿತ್ ಸರಿಯುವುದು.

ಗಾತ್ರದ ವಿಷಯದಲ್ಲಿ ಗಣಿತವು ಸ್ಪಷ್ಟವಾಗಿದೆ. ದಂಡದ ಬಿಗುಪು ವ್ಯಾಸದ ನಾಲ್ಕನೆಯ ಘಾತದಂತೆ ಏರುವುದು. ಒಂದೇ ಉದ್ದವಿದ್ದಲ್ಲಿ 12 ಮಿಲಿಮೀಟರಿನ ಶ್ಯಾಂಕು 6 ಮಿಲಿಮೀಟರಿನದಕ್ಕಿಂತ 16 ಪಟ್ಟು ಬಾಗದೆ ನಿಲ್ಲುವುದು. ಹೊರಚಾಚಿದ ಉದ್ದವು ಇಮ್ಮಡಿಯಾದರೆ ಬಾಗುವಿಕೆಯು 8 ಪಟ್ಟಾಗುವುದು. ಆದಕಾರಣ 6, 10, 12 ಮಿಲಿಮೀಟರುಗಳೆಂಬ ಮೂರೇ ಅಳತೆಗಳನ್ನು ನಿಶ್ಚಯಿಸಿಕೊಂಡು, ಕೆಲಸಕ್ಕೆ ಒಪ್ಪುವಷ್ಟು ದಪ್ಪನೆಯದನ್ನು ಆದಷ್ಟು ಗಿಡ್ಡವಾಗಿ ಹಿಡಿಯಬೇಕು. 12.7 ಮಿಲಿಮೀಟರಿನ ಅರ್ಧ ಅಂಗುಲದ ಶ್ಯಾಂಕನ್ನು 12ರ ಕಾಲೆಟ್ಟಿಗೆ ತುರುಕಲಾಗದೆಂಬುದನ್ನು ಕೊಳ್ಳುವ ಮೊದಲೇ ಗಮನಿಸತಕ್ಕದ್ದು.