ಹತ್ತರ ಕನಸು, ಮೂವತ್ತೊಂದರ ಪಯಣ

ಸೈಕಲ್ ಪ್ರವಾಸ ಅಂದ ಕೂಡಲೇ ನಮಗೆ ನೆನಪಾಗುವುದು ಮೊಬೈಲಿನಲ್ಲಿ ನೋಡುವ ರೀಲ್ಸ್. ಲಡಾಖ್‌ನ ನೀಲಿ ಆಕಾಶ, ಖಾಲಿ ರಸ್ತೆ, ಕೂಲಿಂಗ್ ಗ್ಲಾಸ್ ಹಾಕಿದ ಹುಡುಗ, ಹಿನ್ನೆಲೆಯಲ್ಲೊಂದು ಹಾಡು. ಮೊದಲ ದಿನದಿಂದಲೇ ಎಲ್ಲವೂ ಸೊಗಸು. ಆದರೆ ಜಗತ್ತಿನ ಹೆಸರಾಂತ ಸೈಕಲ್ ಪಯಣವೊಂದರ ಮೊದಲ ತಿಂಗಳುಗಳು ಹೀಗಿರಲಿಲ್ಲ. ರಸ್ತೆ ಹಿಮದಲ್ಲಿ ಮುಚ್ಚಿಹೋಗಿತ್ತು. ಸೈಕಲ್ ಸಮೇತ ರೈಲು ಹತ್ತಬೇಕಾಯಿತು. ಸಾಲದ್ದಕ್ಕೆ ತೋಳಗಳು ಬೇರೆ ಮೈಮೇಲೆ ಬಿದ್ದವು.

ಆ ಪಯಣ ಐರ್ಲೆಂಡಿನ ಡರ್ವ್ಲಾ ಮರ್ಫಿ ಅವರದು. 1963ರ ಜನವರಿ 14ರಂದು ಅವರು ಫ್ರಾನ್ಸಿನ ಡಂಕರ್ಕ್‌ನಿಂದ ಒಬ್ಬರೇ ಹೊರಟರು. ಗುರಿ ಇದ್ದದ್ದು ಭಾರತ. ಆಗ ಅವರಿಗೆ 31 ವರ್ಷ.

ಈ ಕನಸು ಹುಟ್ಟಿದ್ದು ಮಾತ್ರ ಹತ್ತನೇ ಹುಟ್ಟುಹಬ್ಬಕ್ಕೆ. ಆ ದಿನ ಅವರಿಗೆ ಎರಡು ಉಡುಗೊರೆ ಸಿಕ್ಕಿದ್ದವು: ಒಂದು ಸೆಕೆಂಡ್‌ ಹ್ಯಾಂಡ್ ಸೈಕಲ್, ಒಂದು ಅಟ್ಲಾಸ್. ಕೆಲವೇ ದಿನಗಳಲ್ಲಿ ಹುಡುಗಿ ನಿರ್ಧರಿಸಿಬಿಟ್ಟಳು, ಒಂದು ದಿನ ಭಾರತಕ್ಕೆ ಸೈಕಲ್ಲಿನಲ್ಲೇ ಹೋಗುತ್ತೇನೆ ಎಂದು. ನಕ್ಕು ಹಗುರ ಮಾಡಿಬಿಟ್ಟಾರು ಎಂದು ಯಾರಿಗೂ ಹೇಳಲಿಲ್ಲವಂತೆ.

ಹತ್ತಕ್ಕೂ ಮೂವತ್ತೊಂದಕ್ಕೂ ನಡುವೆ 21 ವರ್ಷ. ಅಷ್ಟು ದಿನ ಏನಾಯಿತು? ಅಮ್ಮನಿಗೆ ತೀವ್ರವಾದ ಸಂಧಿವಾತ. ಓಡಾಡಲು ಆಗುತ್ತಿರಲಿಲ್ಲ. 14ನೇ ವಯಸ್ಸಿಗೆ ಡರ್ವ್ಲಾ ಶಾಲೆ ಬಿಟ್ಟು ಮನೆಯಲ್ಲಿ ನಿಂತರು. ಅಡುಗೆ, ಮನೆಗೆಲಸ, ಅಮ್ಮನ ಆರೈಕೆ. 1961ರಲ್ಲಿ ಅಪ್ಪ ತೀರಿಕೊಂಡರು. 1962ರಲ್ಲಿ ಅಮ್ಮ. ಅದಾಗಿ ಕೆಲವೇ ತಿಂಗಳಿಗೆ ಅವರು ಸೈಕಲ್ ಏರಿದ್ದರು.

ಈ ಕಥೆ ಓದಿದಾಗ ನನಗೆ ನೆನಪಾದದ್ದು ನಮ್ಮ ದೊಡ್ಡಪ್ಪನ ಮಗಳು. ಪಿಯುಸಿ ಮುಗಿದ ವರ್ಷವೇ ಅಜ್ಜಿಗೆ ಪಾರ್ಶ್ವವಾಯು ಹೊಡೆಯಿತು. ಮನೆಯಲ್ಲಿ ಉಳಿದವರೆಲ್ಲ ದುಡಿಯುವವರು. ಅಕ್ಕ ನಾಲ್ಕು ವರ್ಷ ಅಜ್ಜಿಯ ಮಂಚದ ಪಕ್ಕದಲ್ಲೇ ಕಳೆದಳು. ಆಮೇಲೆ ಬಿ.ಕಾಂ. ಮಾಡಿದಳು. ಈಗ ಅವಳಿಗೆ 26. ಹೋದ ತಿಂಗಳು ಒಂದು ಇಂಟರ್‌ವ್ಯೂಗೆ ಹೋದಾಗ, ಎದುರು ಕೂತವರು ರೆಸ್ಯೂಮೆ ಮೇಲೆ ಬೆರಳಿಟ್ಟು ಕೇಳಿದರಂತೆ, 'ಈ ನಾಲ್ಕು ವರ್ಷ ಏನೂ ಮಾಡಿಲ್ಲವಾ?' ಅಲ್ಲಿಂದ ಮತ್ತೆ ಕರೆ ಬರಲಿಲ್ಲ.

ನಾನಿನ್ನೂ ಐದನೇ ಸೆಮಿಸ್ಟರ್. ನಮ್ಮ ಕ್ಲಾಸಿನಲ್ಲಿ ಆಗಲೇ ಪ್ಲೇಸ್‌ಮೆಂಟ್ ಜ್ವರ. ಒಂದು ವರ್ಷ ಹೋದರೆ ಬದುಕೇ ಹೋಯಿತು ಎನ್ನುವಂಥ ಮಾತು ಕ್ಯಾಂಟೀನಿನಲ್ಲಿ ದಿನಾ ಕೇಳುತ್ತೇನೆ. ಅದಕ್ಕೇ ಡರ್ವ್ಲಾ ಅವರ ಮೊದಲ ತಿಂಗಳುಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು ಅನ್ನಿಸಿತು.

ಗೇರ್ ಕಿತ್ತು ಹಾಕಿದ ಜಾಣ್ಮೆ

ಕಾಯುತ್ತಿದ್ದ ವರ್ಷಗಳಲ್ಲಿ ಅವರು ಸುಮ್ಮನೆ ಕೂತಿರಲಿಲ್ಲ. ಮನೆಯಿಂದ ಬಿಡುವು ಸಿಕ್ಕಾಗಲೆಲ್ಲ ಚಿಕ್ಕ ಚಿಕ್ಕ ಸೈಕಲ್ ಪ್ರವಾಸ ಮಾಡಿದರು. ವೇಲ್ಸ್, ಇಂಗ್ಲೆಂಡ್, ಆಮೇಲೆ ಜರ್ಮನಿ, ಫ್ರಾನ್ಸ್, ಸ್ಪೇನ್. ದಿನಕ್ಕೆ ಎಷ್ಟು ದೂರ ತುಳಿಯಬಲ್ಲೆ, ಎಷ್ಟು ಕಡಿಮೆ ಸಾಮಾನಿನಲ್ಲಿ ಬದುಕಬಲ್ಲೆ ಎಂಬುದೆಲ್ಲ ಅಲ್ಲಿ ಗೊತ್ತಾಗಿತ್ತು.

ಸೈಕಲ್ಲಿನ ಹೆಸರು ಆರ್ಮ್‌ಸ್ಟ್ರಾಂಗ್ ಕ್ಯಾಡೆಟ್. ಗಂಡಸರ ಮಾದರಿ. ಡಾನ್ ಕ್ವಿಕ್ಸೋಟನ ಕುದುರೆ ರೊಸಿನಾಂಟೆಯ ನೆನಪಿಗೆ ಅದನ್ನು ಅವರು 'ರಾಝ್' ಎಂದು ಕರೆಯುತ್ತಿದ್ದರು. ಅದಕ್ಕೆ ಮೂರು ಸ್ಪೀಡಿನ ಗೇರ್ ಇತ್ತು. ಹೊರಡುವ ಮೊದಲು ಅದನ್ನು ತೆಗೆಸಿಬಿಟ್ಟರು! ಪರ್ವತಗಳನ್ನು ದಾಟಬೇಕಾದವರು ಯಾರಾದರೂ ಗೇರ್ ತೆಗೆಸುತ್ತಾರೆಯೇ?

ಎಂಜಿನಿಯರಿಂಗ್ ವಿದ್ಯಾರ್ಥಿಯಾಗಿ ನಾನು ಇಲ್ಲಿ ಸ್ವಲ್ಪ ನಿಂತೆ. ನಮ್ಮ ಪಾಠದಲ್ಲಿ ಒಂದು ಸರಳ ಲೆಕ್ಕವಿದೆ. ಒಂದರ ಹಿಂದೊಂದು ಅವಲಂಬಿಸಿದ 10 ಭಾಗಗಳ ಯಂತ್ರವೊಂದಿದೆ ಎಂದುಕೊಳ್ಳಿ. ಪ್ರತಿಯೊಂದು ಭಾಗವೂ ಕೆಡದೆ ಉಳಿಯುವ ಸಾಧ್ಯತೆ ಶೇ 99 ಇದ್ದರೂ, ಇಡೀ ಯಂತ್ರ ಕೆಡದೆ ಉಳಿಯುವ ಸಾಧ್ಯತೆ ಸುಮಾರು ಶೇ 90ಕ್ಕೆ ಇಳಿಯುತ್ತದೆ. ಭಾಗ ಹೆಚ್ಚಿದಷ್ಟೂ ತಲೆನೋವು ಹೆಚ್ಚು. ಗೇರ್ ಇಲ್ಲದಿದ್ದರೆ ಏರಿನಲ್ಲಿ ಇಳಿದು ತಳ್ಳಬೇಕು, ಅಷ್ಟೇ. ಗೇರ್ ಇದ್ದು ಅದು ಏಷ್ಯಾದ ಕಚ್ಚಾ ರಸ್ತೆಯಲ್ಲಿ ಮುರಿದರೆ? ಅದರ ಬಿಡಿಭಾಗ ನೂರಾರು ಮೈಲಿಯವರೆಗೂ ಸಿಗದು. ಸಲೀಸಾಗಿ ಸಾಗುವುದಕ್ಕಿಂತ ನಿಲ್ಲದೆ ಸಾಗುವುದು ಅವರಿಗೆ ಮುಖ್ಯವಾಗಿತ್ತು. ಟೈರ್ ಸವೆಯುವುದಂತೂ ಖಚಿತವೆಂದು, ದಾರಿಯಲ್ಲಿ ಸಿಗುವ ರಾಯಭಾರ ಕಚೇರಿಗಳಿಗೆ ಹೊಸ ಟೈರ್‌ಗಳನ್ನು ಮೊದಲೇ ಅಂಚೆಯಲ್ಲಿ ಕಳಿಸಿದ್ದರು. ಒಂದು ಪುಟ್ಟ ಪಿಸ್ತೂಲು ಕೊಂಡು, ಊರ ಪಕ್ಕದ ಗುಡ್ಡಗಳಲ್ಲಿ ಗುರಿಯಿಡುವುದನ್ನೂ ಕಲಿತಿದ್ದರು.

ಹಿಮದ ಜನವರಿ

ಇಷ್ಟೆಲ್ಲ ತಯಾರಿ ಮಾಡಿ ಹೊರಟರೆ ಎದುರಾದದ್ದು ಯುರೋಪು ಕಂಡ ಅತಿ ಕೆಟ್ಟ ಚಳಿಗಾಲಗಳಲ್ಲೊಂದು. 1963ರ ಜನವರಿ ಇಂಗ್ಲೆಂಡಿಗೆ 20ನೇ ಶತಮಾನದ ಅತ್ಯಂತ ಚಳಿಯ ತಿಂಗಳು. ಇಡೀ ತಿಂಗಳ ಸರಾಸರಿ ಉಷ್ಣಾಂಶವೇ ಸೊನ್ನೆಗಿಂತ 2 ಡಿಗ್ರಿ ಕೆಳಗಿತ್ತು. ಕೈ ಹ್ಯಾಂಡಲ್‌ಗೇ ಅಂಟಿಕೊಳ್ಳುವಂಥ ಚಳಿಯಲ್ಲಿ, ಮಂಜುಗಟ್ಟಿದ ರಸ್ತೆಯಲ್ಲಿ ಸೈಕಲ್ ತುಳಿಯುವುದು ಹೇಗೆ?

ಕೆಲವು ಕಡೆ ತುಳಿಯಲು ಆಗಲೇ ಇಲ್ಲ. ಆಗ ರೈಲು ಹತ್ತಿದರು. ಲಾರಿಯವರು ಹತ್ತಿಸಿಕೊಂಡರೆ ಲಾರಿಯಲ್ಲಿ ಹೋದರು. 'ಪೂರ್ತಿ ಸೈಕಲ್ಲಿನಲ್ಲೇ ಹೋಗಲಿಲ್ಲವಲ್ಲ' ಎಂದು ಇಂದಿನವರು ಕಮೆಂಟ್ ಹಾಕಿಬಿಡುತ್ತಿದ್ದರೇನೋ. ಡರ್ವ್ಲಾ ಅದನ್ನು ಮುಚ್ಚಿಡಲಿಲ್ಲ, ಅದಕ್ಕಾಗಿ ಕೊರಗಲೂ ಇಲ್ಲ. ತಮ್ಮ ಪುಸ್ತಕದಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದಾರೆ.

ಯುಗೊಸ್ಲಾವಿಯಾದಲ್ಲಿ ಅವರಿದ್ದ ಲಾರಿ ಹಿಮದಲ್ಲಿ ಜಾರಿ ಅಪಘಾತಕ್ಕೀಡಾಯಿತು. ಸಹಾಯ ಕೇಳಲು ಹಳ್ಳಿಯತ್ತ ನಡೆದು ಹೋಗುವಾಗ ತೋಳಗಳು ಎರಗಿದವು. ಒಂದು ಭುಜದ ಬಟ್ಟೆಗೆ ಹಲ್ಲೂರಿತು, ಇನ್ನೊಂದು ಕಾಲಿನ ಬಳಿ ಪ್ಯಾಂಟು ಕಚ್ಚಿತು. ಪಿಸ್ತೂಲು ತೆಗೆದು ಗುಂಡು ಹಾರಿಸಿದ ಮೇಲಷ್ಟೇ ಉಳಿದವು ಓಡಿದವು. ಊರ ಗುಡ್ಡದಲ್ಲಿ ಮಾಡಿದ ಅಭ್ಯಾಸ ಜೀವ ಉಳಿಸಿತ್ತು.

ಗೆಳೆಯರಿಗೆ ಬಿಡಿ ಬಿಡಿ ಪತ್ರ ಬರೆಯುವುದನ್ನು ಬಿಟ್ಟು ಡೈರಿ ಬರೆಯಲು ಶುರು ಮಾಡಿದ್ದೂ ಅಲ್ಲಿಯೇ. ದಿನವೆಲ್ಲ ದಣಿದು, ಸಂಜೆ ಎಲ್ಲೋ ಒಂದು ಮೂಲೆಯಲ್ಲಿ ಕೂತು ಬರೆಯುವುದು. ಪುಟಗಳು ಕಂತು ಕಂತಾಗಿ ಗೆಳೆಯರಿಗೆ ಹೋಗುತ್ತಿದ್ದವು. ಮುಂದೆ 'ಫುಲ್ ಟಿಲ್ಟ್' ಪುಸ್ತಕವಾದದ್ದು ಆ ಡೈರಿಯೇ. ಅದು 1965ರಲ್ಲಿ ಪ್ರಕಟವಾಯಿತು. ಶಾಲೆಯನ್ನು 14ಕ್ಕೇ ಬಿಟ್ಟ ಹುಡುಗಿ ಲೇಖಕಿಯಾದದ್ದು ಹೀಗೆ.

ಮಾರ್ಚ್ ಕೊನೆಗೆ ಅವರು ಟೆಹರಾನ್ ತಲುಪಿದ್ದರು. ಅಲ್ಲಿಂದ ಮುಂದೆ ಅಫ್ಗಾನಿಸ್ತಾನ. ಅಲ್ಲಿ ಬಸ್ಸಿನಲ್ಲಿ ನಡೆದ ಗಲಾಟೆಯಲ್ಲಿ ಬಂದೂಕಿನ ಹಿಡಿ ಬಡಿದು ಮೂರು ಪಕ್ಕೆಲುಬು ಮುರಿದವು. ಆದರೂ ಆ ದೇಶವನ್ನೂ ಅಲ್ಲಿನ ಜನರನ್ನೂ ಅವರು ಬಹಳ ಪ್ರೀತಿಯಿಂದ ನೆನೆದಿದ್ದಾರೆ. ಪಾಕಿಸ್ತಾನ ದಾಟಿ, ಜುಲೈನ ಸೆಕೆಯಲ್ಲಿ ದೆಹಲಿಗೆ ಬಂದರು. ಬಂದವರು ತಕ್ಷಣ ಮರಳಲಿಲ್ಲ. ಧರ್ಮಶಾಲಾದಲ್ಲಿ ಟಿಬೆಟನ್ ನಿರಾಶ್ರಿತ ಮಕ್ಕಳ ಆರೈಕೆಗೆ ನಿಂತರು. ಕಾಯಿಲೆಯವರ ಜತೆ ಹದಿನಾರು ವರ್ಷ ಕಳೆದವರಿಗೆ ಆ ಕೆಲಸ ಹೊಸದೇನೂ ಆಗಿರಲಿಕ್ಕಿಲ್ಲ.

ನಮ್ಮ ಕರ್ನಾಟಕಕ್ಕೂ ಅವರು ಬಂದಿದ್ದರು ಗೊತ್ತೇ? 1973ರ ಕೊನೆಗೆ ಪುಟ್ಟ ಮಗಳು ರೇಚೆಲ್ ಜತೆ ಮತ್ತೆ ಭಾರತಕ್ಕೆ ಬಂದರು. ಆಗ ಕೊಡಗಿನಲ್ಲಿ ನೆಲೆ ನಿಂತು, 'ಆನ್ ಎ ಶೂಸ್ಟ್ರಿಂಗ್ ಟು ಕೂರ್ಗ್' ಎಂಬ ಪುಸ್ತಕ ಬರೆದರು. 2022ರಲ್ಲಿ, 90ನೇ ವಯಸ್ಸಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರ ಹೆಸರಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಪುಸ್ತಕಗಳಿದ್ದವು.

ಡಂಕರ್ಕ್‌ನಲ್ಲಿ ಆ ಜನವರಿ ಯಾರಾದರೂ ಅವರ ರೆಸ್ಯೂಮೆ ಕೇಳಿದ್ದರೆ ಅದರಲ್ಲಿ ಏನಿರುತ್ತಿತ್ತು? ಓದು ಅರ್ಧಕ್ಕೇ ನಿಂತಿದೆ, ಉದ್ಯೋಗವಿಲ್ಲ, 14ರಿಂದ 30ರವರೆಗೆ ಖಾಲಿ. ಆದರೆ ಆ ಖಾಲಿ ಜಾಗದಲ್ಲೇ ಅವರು ಕಡಿಮೆಯಲ್ಲಿ ಬದುಕುವುದನ್ನು, ರಾತ್ರಿ ನಿದ್ದೆಗೆಟ್ಟು ಬೆಳಿಗ್ಗೆ ಮತ್ತೆ ಕೆಲಸಕ್ಕೆ ಏಳುವುದನ್ನು ಕಲಿತದ್ದು. ಹಿಮದ ಆ ಮೊದಲ ವಾರಗಳಲ್ಲಿ ಕೈ ಹಿಡಿದದ್ದು ಅದೇ ಎಂದು ನನಗನ್ನಿಸುತ್ತದೆ. ತಡವಾಗಿ ಹೊರಟರು ನಿಜ, ಬರಿಗೈಯಲ್ಲಿ ಹೊರಡಲಿಲ್ಲ.

ಎಲ್ಲರೂ ಭಾರತದಿಂದ ಐರ್ಲೆಂಡಿಗೆ ಸೈಕಲ್ ತುಳಿಯಬೇಕು ಎಂದು ನಾನು ಹೇಳುತ್ತಿಲ್ಲ. ಆದರೆ ಮನೆಯ ಕಾರಣಕ್ಕೆ ಒಂದೆರಡು ವರ್ಷ ಹಿಂದೆ ಬಿದ್ದಿದ್ದೇವೆ ಎಂದು ಕೊರಗುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಆ ವರ್ಷಗಳಲ್ಲಿ ಏನು ಕಲಿತಿರಿ ಎಂದು ಒಂದು ಹಾಳೆಯಲ್ಲಿ ಬರೆದು ನೋಡಿ. ಅಕ್ಕ ಬರೆದಳು. ಅವಳ ಹೊಸ ರೆಸ್ಯೂಮೆಯಲ್ಲಿ ಆ ನಾಲ್ಕು ವರ್ಷಗಳ ಎದುರು ಈಗ ಒಂದು ಸಾಲಿದೆ: 'ಪಾರ್ಶ್ವವಾಯು ಪೀಡಿತ ಹಿರಿಯರೊಬ್ಬರ ಪೂರ್ಣಾವಧಿ ಆರೈಕೆ, ಔಷಧ ಮತ್ತು ಆಸ್ಪತ್ರೆ ಖರ್ಚಿನ ಲೆಕ್ಕ ನಿರ್ವಹಣೆ'. ಮುಂದಿನ ವಾರ ಇನ್ನೊಂದು ಇಂಟರ್‌ವ್ಯೂ ಇದೆ.